ಗಾಲ್ಫ್ ಶಾಫ್ಟ್: ಎಷ್ಟು ಬಾಗಬೇಕು, ಎಷ್ಟು ತಿರುಚಬೇಕು?

"ನನಗೆ ರೆಗ್ಯುಲರ್ ಶಾಫ್ಟ್ ಬೇಕಾ, ಸ್ಟಿಫ್ ಬೇಕಾ?" ಈ ಪ್ರಶ್ನೆ ಬರದ ವಾರವೇ ಇಲ್ಲ. ಅದರ ಹಿಂದೆಯೇ ಇನ್ನೊಂದು: "ಶಾಫ್ಟ್ ಮೇಲೆ ಟಾರ್ಕ್ 4.5 ಅಂತಿದೆ, ಒಳ್ಳೇದಾ ಕೆಟ್ಟದ್ದಾ?" ಶಾಫ್ಟ್ ಅಂದರೆ ಗಾಲ್ಫ್ ಕ್ಲಬ್‌ನ ಹಿಡಿಗೂ ಚೆಂಡಿಗೆ ತಾಗುವ ಹೆಡ್‌ಗೂ ನಡುವಿನ ಕೋಲು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ತೀರ ಅವಸರದಲ್ಲಿದ್ದರೆ ಇಷ್ಟು ಓದಿಕೊಳ್ಳಿ. ಮೊದಲು ತೂಕ ನೋಡಿ, ಆಮೇಲೆ ಬಾಗು ನೋಡಿ, ಕೊನೆಗೆ ತಿರುಚು ನೋಡಿ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಅಂಗಡಿಗೆ ಹೋಗಿ ಮೊದಲು ಕೇಳುವುದೇ ಬಾಗು ತಿಳಿಸುವ ಆರ್, ಎಸ್ ಅನ್ನುವ ಅಕ್ಷರ. ತೂಕ ಕೇಳುವವರೇ ಇಲ್ಲ.

ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಡಗೈಯವರು ದಿಕ್ಕು ಅದಲುಬದಲು ಮಾಡಿಕೊಳ್ಳಿ.

ಬೇಕಾದ ಸಾಮಾನು

- ನೀವೀಗ ಆಡುತ್ತಿರುವ ಡ್ರೈವರ್ (ತೀರ ದೂರ ಹೊಡೆಯುವ ಉದ್ದನೆಯ ಕ್ಲಬ್), ಜೊತೆಗೆ 6 ಅಥವಾ 7ನೇ ಐರನ್ (ಲೋಹದ ತೆಳು ಹೆಡ್‌ನ ಗಿಡ್ಡ ಕ್ಲಬ್).
- ಒಂದೇ ಮಾಡೆಲ್‌ನ ಆರು ಚೆಂಡು. ನೀವು ಕೋರ್ಸ್‌ನಲ್ಲಿ ಆಡುವಂಥವೇ ಆಗಲಿ.
- ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಳತೆ ಟೇಪು.
- ಮುಖಕ್ಕೆ ಹಚ್ಚುವ ಪೌಡರ್. ಯಾಕೆ ಅಂತ ಮುಂದೆ ಹೇಳುತ್ತೇನೆ.
- ಒಂದು ನೋಟ್‌ಬುಕ್, ಒಂದು ಸುರುಳಿ ಮಾಸ್ಕಿಂಗ್ ಟೇಪು.
- ಲಾಂಚ್ ಮಾನಿಟರ್ ಇರುವ ಕಡೆ ಒಂದು ಗಂಟೆ. ಲಾಂಚ್ ಮಾನಿಟರ್ ಅಂದರೆ ಚೆಂಡಿನ ವೇಗ, ಅದು ಏರುವ ಕೋನ, ಸ್ಪಿನ್ (ಚೆಂಡು ತನ್ನ ಸುತ್ತ ತಿರುಗುವ ವೇಗ) ಇವನ್ನು ರಾಡಾರ್ ಅಥವಾ ಕ್ಯಾಮೆರಾದಿಂದ ಅಳೆಯುವ ಯಂತ್ರ.

ಹಂತ 1: ಬಾಗು ಯಾವುದು, ತಿರುಚು ಯಾವುದು ತಿಳಿದುಕೊಳ್ಳಿ

ದೋಟಿಯಲ್ಲಿ ಮಾವಿನಕಾಯಿ ಕಿತ್ತು ಗೊತ್ತಿದ್ದವರಿಗೆ ಇದು ಬೇಗ ಹೊಳೆಯುತ್ತದೆ. ಉದ್ದನೆಯ ಬಿದಿರಿನ ತುದಿಗೆ ಕಟ್ಟಿದ ಕೊಕ್ಕೆ ಒಂದು ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ದೋಟಿಯನ್ನು ಜೋರಾಗಿ ಬೀಸಿದರೆ ಬಿದಿರು ಬಾಗುತ್ತದೆ. ಕೊಕ್ಕೆಯ ಭಾರ ಪಕ್ಕದಲ್ಲಿರುವುದರಿಂದ ಬಿದಿರು ತನ್ನ ಸುತ್ತಲೇ ತಿರುಗಲೂ ನೋಡುತ್ತದೆ.

ಗಾಲ್ಫ್ ಕ್ಲಬ್ಬೂ ಹಾಗೆಯೇ. ಹೆಡ್‌ನ ಭಾರವೆಲ್ಲ ಶಾಫ್ಟ್‌ನ ನೇರಕ್ಕೆ ಇಲ್ಲ. ಡ್ರೈವರ್‌ನಲ್ಲಿ ಅದು ಶಾಫ್ಟ್‌ನಿಂದ ಸುಮಾರು ನಾಲ್ಕು ಸೆಂಟಿಮೀಟರ್ ಆಚೆಗಿದೆ. ಆದ್ದರಿಂದ ನೀವು ಬೀಸಿದಾಗ ಶಾಫ್ಟ್ ಬಾಗುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ. ಬಾಗುವುದಕ್ಕೆ ಎಷ್ಟು ತಡೆ ಒಡ್ಡುತ್ತದೆ ಅನ್ನುವುದು ಫ್ಲೆಕ್ಸ್. ಎಷ್ಟು ತಿರುಚಿಕೊಳ್ಳುತ್ತದೆ ಅನ್ನುವುದು ಟಾರ್ಕ್.

ಬೀಸುವಾಗ ನಡೆಯುವುದು ಹೀಗೆ. ಕ್ಲಬ್ ಮೇಲಿಂದ ಕೆಳಕ್ಕೆ ತಿರುಗುವಾಗ ಕೈ ಮುಂದೆ ಹೋಗುತ್ತದೆ, ಹೆಡ್ ಹಿಂದೆ ಉಳಿಯುತ್ತದೆ. ಶಾಫ್ಟ್ ಹಿಂದಕ್ಕೆ ಬಾಗುತ್ತದೆ. ಚೆಂಡಿನ ಹತ್ತಿರ ಬರುವಷ್ಟರಲ್ಲಿ ಇದು ಉಲ್ಟಾ ಆಗಿರುತ್ತದೆ. ಜೋರಾಗಿ ಸುತ್ತುವ ಹೆಡ್ ಹೊರಕ್ಕೆ ಎಳೆಯುತ್ತದೆ, ತನ್ನ ಭಾರದ ಕೇಂದ್ರವನ್ನು ಕೈಯ ನೇರಕ್ಕೆ ತರಲು ನೋಡುತ್ತದೆ. ಹಾಗಾಗಿ ಶಾಫ್ಟ್ ಸ್ವಲ್ಪ ಮುಂದಕ್ಕೆ ಬಾಗುತ್ತದೆ, ಸ್ವಲ್ಪ ಕೆಳಕ್ಕೂ ಜಗ್ಗುತ್ತದೆ. ಮುಂದಕ್ಕೆ ಬಾಗಿದರೆ ಮುಖ, ಅಂದರೆ ಹೆಡ್‌ನಲ್ಲಿ ಚೆಂಡಿಗೆ ತಾಗುವ ಬದಿ, ಮೇಲಕ್ಕೆ ನೋಡುತ್ತದೆ, ಚೂರು ಎಡಕ್ಕೂ ಮುಚ್ಚುತ್ತದೆ. ಮೆದು ಶಾಫ್ಟ್‌ನಲ್ಲಿ ಚೆಂಡು ಎತ್ತರಕ್ಕೆ, ಎಡಕ್ಕೆ ಹೋಗುವುದೂ ಗಡುಸು ಶಾಫ್ಟ್‌ನಲ್ಲಿ ಕೆಳಗೆ, ಬಲಕ್ಕೆ ಹೋಗುವುದೂ ಇದರಿಂದಲೇ.

"ಮೆದು ಶಾಫ್ಟ್ ಚಾಟಿಯ ಹಾಗೆ ಬೀಸಿ ವೇಗ ಹೆಚ್ಚಿಸುತ್ತದೆ" ಅನ್ನುವ ಮಾತನ್ನು ಅಷ್ಟಾಗಿ ನಂಬಬೇಡಿ. ಬಾಗಿನಿಂದ ಹೆಡ್‌ನ ವೇಗ ಬದಲಾಗುವುದು ಅಲ್ಪ. ಬದಲಾಗುವುದು ಮುಖ್ಯವಾಗಿ ಹೆಡ್ ಯಾವ ಕೋನದಲ್ಲಿ ಚೆಂಡಿಗೆ ಬಂದು ತಾಗುತ್ತದೆ ಅನ್ನುವುದು.

ಒಂದು ಎಚ್ಚರಿಕೆ. ಫೋನಿನಲ್ಲಿ ತೆಗೆದ ವಿಡಿಯೊದಲ್ಲಿ ಶಾಫ್ಟ್ ಬಾಳೆಹಣ್ಣಿನ ಹಾಗೆ ಬಾಗಿರುವುದನ್ನು ನೋಡಿ ಎಷ್ಟೋ ಜನ ಗಾಬರಿಯಾಗಿದ್ದಾರೆ. ಅದು ಬಹುಪಾಲು ಕ್ಯಾಮೆರಾದ ಮೋಸ. ಫೋನ್ ಕ್ಯಾಮೆರಾ ಚಿತ್ರವನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಅಷ್ಟರಲ್ಲಿ ಕ್ಲಬ್ ಮುಂದೆ ಹೋಗಿರುತ್ತದೆ. ಅದನ್ನು ನೋಡಿ ಶಾಫ್ಟ್ ಆರಿಸಬೇಡಿ.

ಹಂತ 2: ನಿಮ್ಮ ಕೈಯಲ್ಲೀಗ ಏನಿದೆ, ಬರೆದುಕೊಳ್ಳಿ

ಹಿಡಿಯ ಕೆಳಗೆ ಶಾಫ್ಟ್ ಮೇಲಿನ ಅಚ್ಚನ್ನು ಓದಿ. ಸ್ಟೀಲ್ ಆದರೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಹೆಸರು, ಅಕ್ಷರ, ತೂಕ, ಟಾರ್ಕ್, ಇರುವುದನ್ನೆಲ್ಲ ನೋಟ್‌ಬುಕ್‌ಗೆ ಇಳಿಸಿ. ಕ್ಲಬ್‌ನ ಒಟ್ಟು ತೂಕವನ್ನು ತಕ್ಕಡಿಯಲ್ಲಿ ನೋಡಿ. ಉದ್ದವನ್ನೂ ಅಳೆಯಿರಿ.

ಅಕ್ಷರಗಳ ಅರ್ಥ ಮೇಲುನೋಟಕ್ಕೆ ಸುಲಭ. ಎಲ್ ಅಂದರೆ ಲೇಡೀಸ್, ಎ ಅಥವಾ ಎಂ ಅಂದರೆ ಸೀನಿಯರ್, ಆರ್ ರೆಗ್ಯುಲರ್, ಎಸ್ ಸ್ಟಿಫ್, ಎಕ್ಸ್ ಎಕ್ಸ್‌ಟ್ರಾ ಸ್ಟಿಫ್. ಜಪಾನಿನ ಶಾಫ್ಟ್‌ಗಳಲ್ಲಿ ಆರ್ ಮತ್ತು ಎಸ್ ನಡುವೆ ಎಸ್‌ಆರ್ ಅಂತಲೂ ಇರುತ್ತದೆ. ಆದರೆ ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಯೇ ಇಲ್ಲ. ರೆಡಿಮೇಡ್ ಅಂಗಿಯ ಮೀಡಿಯಂ, ಲಾರ್ಜ್ ಇದ್ದ ಹಾಗೆ. ಒಂದು ಕಂಪನಿಯ ಆರ್ ಇನ್ನೊಂದರ ಎಸ್‌ಗಿಂತ ಗಡುಸಾಗಿರಬಹುದು. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ವ್ಯತ್ಯಾಸ ಇರಬಹುದು.

ಅಕ್ಷರದ ಪಕ್ಕದ ಅಂಕಿಯೂ ಜನರನ್ನು ದಾರಿ ತಪ್ಪಿಸುತ್ತದೆ. ಟ್ರೂ ಟೆಂಪರ್ ಕಂಪನಿಯ ಡೈನಮಿಕ್ ಗೋಲ್ಡ್ ಶಾಫ್ಟ್‌ನಲ್ಲಿ ಎಸ್200, ಎಸ್300, ಎಸ್400 ಅಂತ ಬರುತ್ತವೆ. 400 ಅಂದರೆ ಜಾಸ್ತಿ ಗಡುಸು ಅಂದುಕೊಳ್ಳುವವರು ಬಹಳ. ಆ ಅಂಕಿ ತೂಕದ ವಿಂಗಡಣೆ. ಪ್ರಾಜೆಕ್ಟ್ ಎಕ್ಸ್ ಸ್ಟೀಲ್ ಶಾಫ್ಟ್‌ನಲ್ಲಿ 5.5, 6.0, 6.5 ಅಂತ ಇರುವುದು ಮಾತ್ರ ಗಡುಸಿನ ಅಂಕಿಯೇ. ಡ್ರೈವರ್‌ನ ಗ್ರಾಫೈಟ್ (ಕಾರ್ಬನ್ ಎಳೆಯ) ಶಾಫ್ಟ್ ಮೇಲೆ 5ಆರ್, 6ಎಸ್ ಅಂತ ಕಂಡರೆ ಸಾಮಾನ್ಯವಾಗಿ 5 ಅಂದರೆ 50 ಗ್ರಾಂ ಗುಂಪು, 6 ಅಂದರೆ 60 ಗ್ರಾಂ ಗುಂಪು.

ಅಕ್ಷರ ಬಿಟ್ಟು ನಿಜವಾದ ಅಳತೆ ಬೇಕು ಅಂದರೆ ಸಿಪಿಎಂ ಕೇಳಿ. ಶಾಫ್ಟ್‌ನ ಹಿಡಿ ಕಡೆಯನ್ನು ಇಕ್ಕಳದಲ್ಲಿ ಬಿಗಿದು, ತುದಿಯನ್ನು ಮೀಟಿ ಬಿಡುತ್ತಾರೆ. ನಿಮಿಷಕ್ಕೆ ಎಷ್ಟು ಸಲ ಅದುರುತ್ತದೆ ಅನ್ನುವುದೇ ಸಿಪಿಎಂ. ಗಡುಸಾದಷ್ಟೂ ಅಂಕಿ ಜಾಸ್ತಿ. ಒಂದು ಅಕ್ಷರದಿಂದ ಮುಂದಿನದಕ್ಕೆ ಸುಮಾರು 10 ಸಿಪಿಎಂ ಅಂತರ ಅಂತ ಲೆಕ್ಕ ಹಿಡಿಯುವುದು ರೂಢಿ. ಆದರೆ ಉದ್ದ, ಹೆಡ್‌ನ ತೂಕ, ಇಕ್ಕಳ ಎಷ್ಟು ಇಂಚು ಹಿಡಿದಿದೆ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಹಾಗಾಗಿ ಒಂದೇ ಯಂತ್ರದಲ್ಲಿ, ಒಂದೇ ರೀತಿ ಅಳೆದ ಎರಡು ಶಾಫ್ಟ್‌ಗಳನ್ನು ಮಾತ್ರ ಹೋಲಿಸಿ. ಬೇರೆ ಊರಿನ ಗೆಳೆಯ ಕಳಿಸಿದ ಅಂಕಿಯ ಜೊತೆ ಹೋಲಿಸಿ ಪ್ರಯೋಜನ ಇಲ್ಲ.

ಸಿಪಿಎಂ ಕೂಡ ಪೂರ್ತಿ ಕತೆ ಹೇಳುವುದಿಲ್ಲ. ಅದು ಹೆಚ್ಚಾಗಿ ಹಿಡಿ ಕಡೆಯ ಗಡುಸನ್ನು ತೋರಿಸುತ್ತದೆ. ಎರಡು ಶಾಫ್ಟ್‌ಗಳ ಸಿಪಿಎಂ ಒಂದೇ ಇದ್ದು, ಒಂದರ ತುದಿ (ಹೆಡ್ ಕಡೆ) ಮೆದು, ಇನ್ನೊಂದರ ತುದಿ ಗಡುಸು ಇರಬಹುದು. ಶಾಫ್ಟ್‌ನ ಯಾವ ಭಾಗ ಎಷ್ಟು ಗಡುಸು ಅನ್ನುವುದನ್ನು ಬೆಂಡ್ ಪ್ರೊಫೈಲ್ ಅನ್ನುತ್ತಾರೆ. ತುದಿ ಮೆದುವಾಗಿದ್ದರೆ ಚೆಂಡು ಎತ್ತರಕ್ಕೆ, ಗಡುಸಾಗಿದ್ದರೆ ತಗ್ಗಾಗಿ. ಅಂಗಡಿಯವರು "ಲೋ ಕಿಕ್, ಹೈ ಕಿಕ್" ಅನ್ನುವುದು ಇದನ್ನೇ. ಲೋ ಕಿಕ್ ಅಂದರೆ ಬಾಗು ತುದಿಯ ಹತ್ತಿರ, ಚೆಂಡು ಮೇಲಕ್ಕೆ. ಹೆಸರಲ್ಲಿ ಲೋ ಇದೆ ಅಂತ ಚೆಂಡು ತಗ್ಗಾಗಿ ಹೋಗುತ್ತದೆ ಅಂದುಕೊಂಡು ಕೊಂಡವರನ್ನು ನೋಡಿದ್ದೇನೆ.

ಹಂತ 3: ನಿಮ್ಮ ಸ್ವಿಂಗ್ (ಬೀಸುವ ರೀತಿ) ಎಂಥದ್ದು ನೋಡಿಕೊಳ್ಳಿ

ಮೊದಲು ವೇಗ. ಡ್ರೈವರ್‌ನ ಹೆಡ್ ಗಂಟೆಗೆ ಎಷ್ಟು ಮೈಲಿ ಹೋಗುತ್ತದೆ ಅಂತ ಲಾಂಚ್ ಮಾನಿಟರ್ ಹೇಳುತ್ತದೆ. ಎಲ್ಲ ಕಡೆ ಓಡಾಡುವ ಲೆಕ್ಕ ಸುಮಾರು ಹೀಗಿದೆ: 75 ಮೈಲಿಗಿಂತ ಕಡಿಮೆ ಆದರೆ ಎಲ್, 75ರಿಂದ 85 ಎ, 85ರಿಂದ 95 ಆರ್, 95ರಿಂದ 105 ಎಸ್, ಅದರ ಮೇಲೆ ಎಕ್ಸ್. ಇದನ್ನು ಹೊರಡುವ ಜಾಗ ಅಂತ ಮಾತ್ರ ಇಟ್ಟುಕೊಳ್ಳಿ.

ವೇಗಕ್ಕಿಂತ ಮುಖ್ಯವಾದವು ಇನ್ನೆರಡು. ಒಂದು ಟ್ರಾನ್ಸಿಷನ್, ಅಂದರೆ ಮೇಲೆತ್ತಿದ ಕ್ಲಬ್ ಕೆಳಕ್ಕೆ ತಿರುಗುವ ಕ್ಷಣ. ಕೆಲವರು ಮೇಲೆ ಒಂದು ಕ್ಷಣ ನಿಂತ ಹಾಗೆ ಮಾಡಿ ನಿಧಾನಕ್ಕೆ ಇಳಿಸುತ್ತಾರೆ. ಕೆಲವರು ಕೊಡಲಿ ಎತ್ತಿದವರ ಹಾಗೆ ಒಮ್ಮೆಲೇ ಜಗ್ಗುತ್ತಾರೆ. ಇಬ್ಬರ ವೇಗವೂ 92 ಮೈಲಿ ಇರಬಹುದು. ಆದರೆ ಜಗ್ಗುವವರಿಗೆ ಗಡುಸು ಬೇಕಾಗುತ್ತದೆ, ನಿಧಾನದವರಿಗೆ ಮೆದುವೇ ಸಾಕು. ಎರಡನೆಯದು ರಿಲೀಸ್, ಅಂದರೆ ಮಡಚಿದ ಮಣಿಕಟ್ಟು ಬಿಚ್ಚಿಕೊಳ್ಳುವುದು. ಬೇಗ ಬಿಚ್ಚುವವರಿಗೆ, ಹೊಸಬರಲ್ಲಿ ಹೆಚ್ಚಿನವರು ಹೀಗೆಯೇ, ತುದಿ ಗಡುಸಾಗಿರುವ ಶಾಫ್ಟ್‌ನಿಂದ ಏನೂ ಲಾಭ ಇಲ್ಲ. ಚೆಂಡು ಮೇಲೇಳುವುದೇ ಕಷ್ಟವಾಗುತ್ತದೆ. ಕೊನೆಯವರೆಗೆ ತಡೆದು ಬಿಚ್ಚುವವರಿಗೆ ತುದಿಯ ಗಡುಸು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ.

ಇವೆರಡನ್ನೂ ನಿಮಗೆ ನೀವೇ ನೋಡಿಕೊಳ್ಳುವುದು ಕಷ್ಟ. ನಿಮ್ಮ ಕೋಚ್‌ನನ್ನು ಕೇಳಿ, ಇಲ್ಲವೇ ಬಹಳ ದಿನದಿಂದ ನಿಮ್ಮ ಜೊತೆ ಇರುವ ಕ್ಯಾಡಿಯನ್ನು, ಅಂದರೆ ಬ್ಯಾಗ್ ಹೊರುವವರನ್ನು ಕೇಳಿ. ಕ್ಯಾಡಿಗಳ ಕಣ್ಣು ಬಹಳ ಚುರುಕು.

ಇಲ್ಲಿ ಹಮ್ಮು ಅಡ್ಡ ಬರುತ್ತದೆ. "ನಾನು ಸೀನಿಯರ್ ಶಾಫ್ಟ್ ಹಿಡಿಯೋದಾ?" ಅಂತ ಮುಖ ಸಿಂಡರಿಸುತ್ತಾರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಡ್ರೈವ್‌ನ ದೂರದಲ್ಲಿ ಬಹಳ ಹಿಂದಿದ್ದರು. ಶಾಫ್ಟ್ ಮೇಲಿನ ಅಕ್ಷರವನ್ನು ಸ್ಕೋರ್‌ಕಾರ್ಡ್‌ನಲ್ಲಿ ಬರೆಯಲು ಜಾಗವೇ ಇಲ್ಲ.

ಹಂತ 4: ತೂಕ ಮೊದಲು

ಡ್ರೈವರ್‌ನ ಗ್ರಾಫೈಟ್ ಶಾಫ್ಟ್‌ಗಳು ಹೆಚ್ಚಾಗಿ 40ರಿಂದ 80 ಗ್ರಾಂ ಒಳಗೆ ಇರುತ್ತವೆ. ಐರನ್‌ನ ಸ್ಟೀಲ್ ಶಾಫ್ಟ್ ಹಗುರದ್ದಾದರೆ 90ರ ಆಸುಪಾಸು, ಭಾರದ್ದಾದರೆ 130ರ ಹತ್ತಿರ. ಈ ವ್ಯತ್ಯಾಸ ಕೈಗೆ ತಕ್ಷಣ ಗೊತ್ತಾಗುತ್ತದೆ. ತೂಕ ತಪ್ಪಿದರೆ ನಿಮ್ಮ ಲಯವೇ ತಪ್ಪುತ್ತದೆ. ಆಮೇಲೆ ಬಾಗನ್ನು ಎಷ್ಟು ಸರಿ ಮಾಡಿದರೂ ಉಪಯೋಗ ಇಲ್ಲ.

ವೇಗ 85ಕ್ಕಿಂತ ಕಡಿಮೆ ಇದ್ದರೆ 40ರಿಂದ 50 ಗ್ರಾಂನಿಂದ ಶುರುಮಾಡಿ. 85ರಿಂದ 100 ಇದ್ದರೆ 50ರಿಂದ 60. ಅದಕ್ಕೂ ಮೇಲಿನವರು 60, 70. ಅತಿ ಹಗುರ ಆದರೆ ತೋಳು ಮುಂದೆ ಓಡಿ, ಮೈ ಹಿಂದೆ ಉಳಿದು ಚೆಂಡು ಎಲ್ಲೆಂದರಲ್ಲಿ ಹೋಗುತ್ತದೆ. ಅತಿ ಭಾರ ಆದರೆ 18 ಹೋಲ್‌ಗಳ ಆಟದಲ್ಲಿ 14ನೇ ಹೋಲ್ ಹೊತ್ತಿಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಹತ್ತು ಚೆಂಡು ಹೊಡೆದಾಗ ಗೊತ್ತಾಗುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಮೈ ದಣಿದಿರುವಾಗಲೂ ಒಮ್ಮೆ ಮಾಡಿ.

ಹಂತ 5: ಬಾಗನ್ನು ಹೊಡೆದು ನೋಡಿ, ಅಕ್ಷರ ಮುಚ್ಚಿಟ್ಟು

ಒಂದೇ ಹೆಡ್, ಒಂದೇ ಉದ್ದ, ಒಂದೇ ಲಾಫ್ಟ್, ಹತ್ತಿರ ಹತ್ತಿರ ಒಂದೇ ತೂಕ. ಬದಲಾಗುವುದು ಶಾಫ್ಟ್‌ನ ಗಡುಸು ಮಾತ್ರ. ಲಾಫ್ಟ್ ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ. ಈಗಿನ ಡ್ರೈವರ್‌ಗಳಲ್ಲಿ ಸ್ಲೀವ್, ಅಂದರೆ ಶಾಫ್ಟನ್ನು ಹೆಡ್‌ಗೆ ಕೂರಿಸುವ ಕೊಳವೆ ಇರುತ್ತದೆ, ಸ್ಕ್ರೂ ಬಿಚ್ಚಿ ನಿಮಿಷದಲ್ಲಿ ಶಾಫ್ಟ್ ಬದಲಿಸಬಹುದು. ಮೂರು ಶಾಫ್ಟ್ ಸಾಕು. ಏಳೆಂಟು ಇಟ್ಟುಕೊಂಡರೆ ತಲೆ ಕೆಡುತ್ತದೆ, ಕೈಯೂ ಸೋಲುತ್ತದೆ.

ಅಕ್ಷರ ಕಾಣದ ಹಾಗೆ ಮಾಸ್ಕಿಂಗ್ ಟೇಪು ಸುತ್ತಿ, 1, 2, 3 ಅಂತ ಬರೆಯಲು ಫಿಟ್ಟರ್‌ಗೆ ಹೇಳಿ. ಫಿಟ್ಟರ್ ಅಂದರೆ ಕ್ಲಬ್ ಹೊಂದಿಸಿಕೊಡುವವರು. ಕೆಲವರು ನಗುತ್ತಾರೆ. ನಗಲಿ ಬಿಡಿ. "ಎಕ್ಸ್" ಅಂತ ಕಂಡ ಕೂಡಲೇ ಜನ ಜೋರಾಗಿ ಬೀಸುತ್ತಾರೆ, "ಸೀನಿಯರ್" ಅಂತ ಕಂಡರೆ ಸುಮ್ನೆ ತಳ್ಳುತ್ತಾರೆ. ನಾನೂ ಹಾಗೆ ಮಾಡಿ, ರಿಯಾಯಿತಿಗೆ ಸಿಕ್ಕ ಒಂದು ಎಕ್ಸ್ ಶಾಫ್ಟ್ ಕೊಂಡು, ಒಂದು ವರ್ಷ ಬಲಗಡೆಯ ಮರಗಳ ನಡುವೆಯೇ ಓಡಾಡಿದ್ದೇನೆ.

ಪ್ರತಿ ಶಾಫ್ಟ್‌ನಲ್ಲಿ ಎಂಟು ಹತ್ತು ಚೆಂಡು ಹೊಡೆಯಿರಿ. ಒಂದೇ ಸಮನೆ ಹೊಡೆಯಬೇಡಿ. ನಾಲ್ಕು ಹೊಡೆದು ಶಾಫ್ಟ್ ಬದಲಿಸಿ, ಮತ್ತೆ ಮೊದಲಿನದಕ್ಕೆ ಬನ್ನಿ. ಇಲ್ಲದಿದ್ದರೆ ಮೊದಲನೆಯ ಶಾಫ್ಟ್‌ಗೆ ಬಿಸಿಯಾಗದ ಮೈ, ಕೊನೆಯದಕ್ಕೆ ಸೋತ ಕೈ ಸಿಗುತ್ತದೆ.

ಈಗ ಪೌಡರ್. ಹೆಡ್‌ನ ಮುಖಕ್ಕೆ ತೆಳುವಾಗಿ ಪೌಡರ್ ಉದುರಿಸಿ. ಚೆಂಡು ತಾಗಿದ ಜಾಗ ಅಚ್ಚಾಗಿ ಕಾಣುತ್ತದೆ. ಇದು ತುಂಬ ಮುಖ್ಯ. ಚೆಂಡು ಟೋ ಕಡೆ, ಅಂದರೆ ಹೆಡ್‌ನ ಹೊರತುದಿಯಲ್ಲಿ ತಾಗಿದರೆ ಎಡಕ್ಕೆ ತಿರುಗುತ್ತದೆ. ಹೀಲ್ ಕಡೆ, ಅಂದರೆ ಶಾಫ್ಟ್‌ನ ಹತ್ತಿರ ತಾಗಿದರೆ ಬಲಕ್ಕೆ. ಅದು ಹೆಡ್‌ನ ಗುಣ. ಇದನ್ನು ಶಾಫ್ಟ್ ತಲೆಗೆ ಕಟ್ಟಬೇಡಿ. ನಡುವಿನಲ್ಲಿ ತಾಗಿದ ಹೊಡೆತಗಳನ್ನು ಮಾತ್ರ ಹೋಲಿಸಿ. ಆದರೆ ಒಂದು ಶಾಫ್ಟ್‌ನಲ್ಲಿ ಅಚ್ಚುಗಳು ಒಂದೇ ಕಡೆ ಗುಂಪಾಗಿ, ಇನ್ನೊಂದರಲ್ಲಿ ಚದುರಿದ್ದರೆ ಅದನ್ನು ಬರೆದುಕೊಳ್ಳಿ. ನನ್ನ ಮಟ್ಟಿಗೆ, ಮಾನಿಟರ್‌ನ ಎಲ್ಲ ಅಂಕಿಗಳಿಗಿಂತ ಈ ಅಚ್ಚುಗಳ ಮೇಲೆಯೇ ನಂಬಿಕೆ ಹೆಚ್ಚು.

ಚೆಂಡು ನಿಮ್ಮದೇ ಇರಲಿ ಅಂದಿದ್ದೆ. ಡ್ರೈವಿಂಗ್ ರೇಂಜಿನ ಸವೆದ ಚೆಂಡುಗಳು ಬೇರೆ ರೀತಿ ಹಾರುತ್ತವೆ. ಅವುಗಳ ಸ್ಪಿನ್ ನೋಡಿ ಶಾಫ್ಟ್ ಆರಿಸಿದರೆ ಕೋರ್ಸ್‌ನಲ್ಲಿ ಲೆಕ್ಕ ತಪ್ಪುತ್ತದೆ. ಇನ್ನೊಂದು ವಿಷಯ ನಮ್ಮ ಕಡೆಯವರಿಗೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳು, ಚೆಂಡು ಮಂಗಳೂರಿಗಿಂತ ಸ್ವಲ್ಪ ದೂರ ಹೋಗುತ್ತದೆ. ಮಾನಿಟರ್‌ನಲ್ಲಿ ಎತ್ತರ ಯಾವುದಕ್ಕೆ ಇಟ್ಟಿದ್ದಾರೆ ಕೇಳಿ. ಮೂರು ಶಾಫ್ಟ್‌ಗೂ ಅದೇ ಇದ್ದರೆ ಹೋಲಿಕೆಗೆ ತೊಂದರೆ ಇಲ್ಲ. ಇನ್ನೊಂದು ಊರಿನ ಅಂಕಿ ಜೊತೆ ಮಾತ್ರ ಹೋಲಿಸಬೇಡಿ.

ಹಂತ 6: ಅಂಕಿ ಓದುವುದು

ಒಂದೊಂದು ಶಾಫ್ಟ್‌ಗೂ ನಾಲ್ಕು ಸಾಲು ಬರೆಯಿರಿ: ಚೆಂಡಿನ ವೇಗ, ಏರುವ ಕೋನ, ಸ್ಪಿನ್, ನೇರದಿಂದ ಎಷ್ಟು ಗಜ ಪಕ್ಕಕ್ಕೆ. ಒಂದು ಅತ್ಯುತ್ತಮ ಹೊಡೆತ ಯಾವುದು ಅಂತ ನೋಡಬೇಡಿ. ಅಂಗಡಿಯಲ್ಲಿ ಮಾರಾಟವಾಗುವುದು ಆ ಒಂದು ಹೊಡೆತ. ನೀವು ನೋಡಬೇಕಾದ್ದು ಕೆಟ್ಟ ಹೊಡೆತಗಳು ಎಲ್ಲಿ ಬಿದ್ದವು ಅಂತ.

ಶಾಫ್ಟ್ ಅತಿ ಮೆದುವಾದರೆ ಚೆಂಡು ಗಾಳಿಪಟದ ಹಾಗೆ ಮೇಲೇರುತ್ತದೆ, ಸ್ಪಿನ್ ಜಾಸ್ತಿ, ತಪ್ಪುಗಳು ಎಡಕ್ಕೆ. ಹೆಡ್ ಎಲ್ಲಿದೆ ಅಂತ ಕೈಗೆ ತಿಳಿಯುವುದಿಲ್ಲ. ಅತಿ ಗಡುಸಾದರೆ ತಗ್ಗು, ಬಲಕ್ಕೆ, ಕೈಗೆ ಕಬ್ಬಿಣದ ಸಲಾಕೆ ಹಿಡಿದ ಹಾಗೆ. ಪುಸ್ತಕದ ಲೆಕ್ಕ ಇದು.

ಆದರೆ ಮನುಷ್ಯ ಯಂತ್ರ ಅಲ್ಲ. ಮೆದು ಶಾಫ್ಟ್‌ನಲ್ಲಿ ನಾಲ್ಕು ಸಲ ಎಡಕ್ಕೆ ಹೋದರೆ ಐದನೇ ಸಲ ನಿಮ್ಮ ಕೈ ತಾನಾಗಿಯೇ ತಡೆಯುತ್ತದೆ, ಚೆಂಡು ಬಲಕ್ಕೆ ಹೋಗುತ್ತದೆ. ಗಡುಸು ಶಾಫ್ಟ್ ಹಿಡಿದವರು ಚೆಂಡು ಎತ್ತಲು ಹೋಗಿ ಬಲಭುಜ ಕುಸಿಸುತ್ತಾರೆ. ಹೀಗಾಗಿ ರೋಗದ ಲಕ್ಷಣ ಒಂದೇ ಇದ್ದರೂ ಕಾರಣ ಎರಡು ಇರಬಹುದು. ಅದಕ್ಕೇ ಮೊದಲ ಮೂರ್ನಾಲ್ಕು ಹೊಡೆತಗಳನ್ನು ಬೇರೆ ಬರೆದಿಡಿ. ಕೈ ಹೊಂದಿಕೊಳ್ಳುವ ಮುಂಚೆ ಶಾಫ್ಟ್ ಏನು ಮಾಡುತ್ತದೆ ಅನ್ನುವುದು ಅವುಗಳಲ್ಲಿ ಕಾಣುತ್ತದೆ.

ಎರಡು ಶಾಫ್ಟ್‌ಗಳ ನಡುವೆ ಏನೂ ವ್ಯತ್ಯಾಸ ಕಾಣದಿದ್ದರೆ? ಹಾಗೆ ಆಗುವುದೇ ಹೆಚ್ಚು. ನಾಚಿಕೊಳ್ಳಬೇಡಿ. ಕೈಗೆ ಹಿತವಾದದ್ದನ್ನು, ಇಲ್ಲವೇ ಬೆಲೆ ಕಡಿಮೆ ಇರುವುದನ್ನು ತೆಗೆದುಕೊಳ್ಳಿ.

ಹಂತ 7: ಈಗ ಟಾರ್ಕ್

ಎಲ್ಲರಿಗೂ ಹೆಚ್ಚು ಗೊಂದಲ ಇರುವುದು ಇಲ್ಲಿ. ಎಂಜಿನಿಯರಿಂಗ್ ಓದಿದವರಿಗೆ ಇನ್ನೂ ಜಾಸ್ತಿ, ಯಾಕೆಂದರೆ ಅವರಿಗೆ ಟಾರ್ಕ್ ಅಂದರೆ ತಿರುಗಿಸುವ ಬಲ. ಗಾಲ್ಫ್‌ನಲ್ಲಿ ಟಾರ್ಕ್ ಅಂದರೆ ಡಿಗ್ರಿ. ಶಾಫ್ಟ್‌ನ ಒಂದು ಕಡೆ ಬಿಗಿದು, ಇನ್ನೊಂದು ಕಡೆಗೆ ಒಂದು ಅಡಿ-ಪೌಂಡ್ ಬಲ ಹಾಕಿ ತಿರುಗಿಸಿದರೆ ಅದು ಎಷ್ಟು ಡಿಗ್ರಿ ತಿರುಚಿಕೊಳ್ಳುತ್ತದೆ ಅನ್ನುವುದೇ ಆ ಅಂಕಿ. ಒಂದು ಅಡಿ ಉದ್ದದ ಸ್ಪ್ಯಾನರ್‌ನ ತುದಿಗೆ ಸುಮಾರು 450 ಗ್ರಾಂ ತೂಗುಹಾಕಿದರೆ ಬರುವ ಬಲ ಅದು. ಅಂಕಿ ಚಿಕ್ಕದಾದರೆ ಕಡಿಮೆ ತಿರುಚುತ್ತದೆ. ಸ್ಟೀಲ್ ಹೆಚ್ಚಾಗಿ 2 ಡಿಗ್ರಿಯ ಆಸುಪಾಸು. ಗ್ರಾಫೈಟ್ 2.5ರಿಂದ 6ರವರೆಗೆ, ಕೆಲವು ಅದರ ಮೇಲೂ.

ಗ್ರಾಫೈಟ್ ಶಾಫ್ಟ್ ಮಾಡುವಾಗ ಕಾರ್ಬನ್ ಎಳೆಗಳ ಹಾಳೆಗಳನ್ನು ಉಕ್ಕಿನ ಸಲಾಕೆಗೆ ಸುತ್ತುತ್ತಾರೆ. ಉದ್ದಕ್ಕೆ ನೇರವಾಗಿರುವ ಎಳೆಗಳು ಬಾಗುವುದನ್ನು ತಡೆಯುತ್ತವೆ. 45 ಡಿಗ್ರಿ ಓರೆಯಾಗಿ ಎರಡೂ ಕಡೆಗೆ ಹಾಕಿದ ಎಳೆಗಳು ತಿರುಚುವುದನ್ನು ತಡೆಯುತ್ತವೆ. ಒದ್ದೆ ಪಂಚೆ ಹಿಂಡುವಾಗ ಸುಕ್ಕು ಓರೆಯಾಗಿ ಬೀಳುತ್ತದೆ ಅಲ್ವಾ, ಬಲ ಹೋಗುವ ದಾರಿ ಅದೇ. ಟಾರ್ಕ್ ಕಡಿಮೆ ಮಾಡಬೇಕು ಅಂದರೆ ಓರೆ ಹಾಳೆ ಜಾಸ್ತಿ ಹಾಕಬೇಕು, ಇಲ್ಲವೇ ಇನ್ನೂ ಬಿಗಿಯಾದ, ದುಬಾರಿ ಎಳೆ ಬಳಸಬೇಕು. ಒಂದರಿಂದ ತೂಕ ಏರುತ್ತದೆ, ಇನ್ನೊಂದರಿಂದ ಬೆಲೆ.

ಇದರಿಂದಲೇ 40 ಗ್ರಾಂನ ಶಾಫ್ಟ್‌ನಲ್ಲಿ ಟಾರ್ಕ್ 5ರ ಮೇಲೆ ಇರುವುದು ಸಹಜ, 70 ಗ್ರಾಂನದರಲ್ಲಿ 3ರ ಹತ್ತಿರ ಇರುವುದೂ ಸಹಜ. ತೂಕವನ್ನೂ ಬಾಗನ್ನೂ ಆರಿಸಿದ ಮೇಲೆ ಟಾರ್ಕ್ ಅರ್ಧ ತಾನಾಗಿಯೇ ನಿರ್ಧಾರವಾಗಿರುತ್ತದೆ. ಕೊನೆಗೆ ನೋಡಿ ಅಂದದ್ದು ಅದಕ್ಕೇ.

ಹಿಂದೆ ಇದು ದೊಡ್ಡ ವಿಷಯವೇ ಆಗಿತ್ತು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದ 1876ರಲ್ಲಿ ಎಲ್ಲರ ಕೈಯಲ್ಲೂ ಮರದ ಶಾಫ್ಟೇ. ಹಿಕರಿ ಅನ್ನುವ ಆ ಮರ ವಿಪರೀತ ತಿರುಚುತ್ತಿತ್ತು. ಆಗಿನವರು ಅದಕ್ಕೆ ತಕ್ಕ ಹಾಗೆ ಲಯವಾಗಿ, ಮಣಿಕಟ್ಟು ಬಳಸಿ ಬೀಸುತ್ತಿದ್ದರು. ಗಾಲ್ಫ್ ನಿಯಮ ಮಾಡುವ ಸ್ಕಾಟ್ಲೆಂಡಿನ ಆರ್ ಅಂಡ್ ಎ ಸ್ಟೀಲ್ ಶಾಫ್ಟ್‌ಗೆ ಒಪ್ಪಿಗೆ ಕೊಟ್ಟದ್ದು 1929ರಲ್ಲಿ. 1970ರ ದಶಕದ ಮೊದಲ ಗ್ರಾಫೈಟ್ ಶಾಫ್ಟ್‌ಗಳೂ ಬಹಳ ತಿರುಚುತ್ತಿದ್ದವು. "ಟಾರ್ಕ್ ಕಡಿಮೆ ಇದ್ದಷ್ಟೂ ಒಳ್ಳೇದು" ಅನ್ನುವ ಮಾತು ಆ ಕಾಲದ್ದು, ಇನ್ನೂ ಹೋಗಿಲ್ಲ.

ಈಗಿನ ಶಾಫ್ಟ್‌ಗಳಲ್ಲಿ 3.5 ಮತ್ತು 4.5ರ ನಡುವಿನ ವ್ಯತ್ಯಾಸ ಹೆಚ್ಚಾಗಿ ಕೈಗೆ ತಿಳಿಯುವ ಅನುಭವದಲ್ಲಿದೆ. ಟಾರ್ಕ್ ಕಡಿಮೆ ಇದ್ದರೆ ಬಿರುಸು, ತಪ್ಪು ಹೊಡೆತ ಅಂಗೈಗೆ ಚುರುಕ್ ಅನ್ನುತ್ತದೆ. ಜಾಸ್ತಿ ಇದ್ದರೆ ಮೆತ್ತಗೆ. ನನ್ನ ಸಲಹೆ ಹೀಗೆ:

- ವೇಗ 90ಕ್ಕಿಂತ ಕಡಿಮೆ, ಸ್ವಿಂಗ್ ನಿಧಾನ: 4.5ರಿಂದ 6 ಇದ್ದರೂ ತೊಂದರೆ ಇಲ್ಲ. 3ರದ್ದನ್ನು ಹುಡುಕಿಕೊಂಡು ಹೋಗಬೇಡಿ, ಕಟ್ಟಿಗೆ ಹಿಡಿದ ಹಾಗಾಗುತ್ತದೆ.
- 90ರಿಂದ 105: 3.5ರಿಂದ 5.
- ಅದರ ಮೇಲೆ, ಅಥವಾ ವೇಗ ಕಡಿಮೆ ಇದ್ದರೂ ಜಗ್ಗಿ ಬೀಸುವವರು: 4ಕ್ಕಿಂತ ಕೆಳಗೆ. ಇಂಥವರ ಕೈಯಲ್ಲಿ ಟಾರ್ಕ್ ಜಾಸ್ತಿ ಇರುವ ಶಾಫ್ಟ್ ಇದ್ದರೆ ಮುಖ ಒಂದು ಸಲ ತೆರೆದು, ಒಂದು ಸಲ ಮುಚ್ಚಿ ಬರುತ್ತದೆ. ಚೆಂಡು ಎರಡೂ ಕಡೆ ಹೋಗತೊಡಗಿದರೆ ಇದನ್ನು ಅನುಮಾನಿಸಿ.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿಯೇ ಬಿಡಿಸಿಬಿಡೋಣ. "ಟೋ ಕಡೆ ತಾಗಿದಾಗ ಹೆಡ್ ತಿರುಗದಂತೆ ಕಡಿಮೆ ಟಾರ್ಕ್ ಹಿಡಿದಿಡುತ್ತದೆ" ಅನ್ನುತ್ತಾರೆ. ಚೆಂಡು ಮುಖದ ಮೇಲಿರುವುದು ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಒಂದು ಭಾಗದಷ್ಟು ಹೊತ್ತು. ಶಾಫ್ಟ್ ಏನಾದರೂ ಮಾಡುವ ಹೊತ್ತಿಗೆ ಚೆಂಡು ಹೊರಟಿರುತ್ತದೆ. ಅಲ್ಲಿ ಕೆಲಸ ಮಾಡುವುದು ಹೆಡ್‌ನ ಆಕಾರ, ಅದರ ಭಾರದ ಹಂಚಿಕೆ. ಇನ್ನೊಂದು, "ಸ್ಲೈಸ್ ಹೋಗಲು ಟಾರ್ಕ್ ಬದಲಿಸಿ" ಅನ್ನುವುದು. ಸ್ಲೈಸ್ ಅಂದರೆ ಚೆಂಡು ಬಲಕ್ಕೆ ವಾಲಿ ಓಡುವುದು. ಹೊರಗಿನಿಂದ ಒಳಕ್ಕೆ ಬೀಸುವ ಅಭ್ಯಾಸದಿಂದ ಬಂದ 30 ಗಜದ ಸ್ಲೈಸನ್ನು ಒಂದು ಡಿಗ್ರಿ ಟಾರ್ಕ್ ತೆಗೆಯುವುದಿಲ್ಲ. ಆ ದುಡ್ಡನ್ನು ಕೋಚ್‌ಗೆ ಕೊಡಿ.

ಹಂತ 8: ಕತ್ತರಿಸುವಾಗ, ಜೋಡಿಸುವಾಗ

ಶಾಫ್ಟ್ ಆರಿಸಿದ ಮೇಲೂ ಕೆಡಿಸುವ ದಾರಿಗಳು ಬೇಕಾದಷ್ಟಿವೆ. ತುದಿ ಕಡೆ ಕತ್ತರಿಸಿದರೆ ಶಾಫ್ಟ್ ಗಡುಸಾಗುತ್ತದೆ. ಹಿಡಿ ಕಡೆ ಕತ್ತರಿಸಿ ಗಿಡ್ಡ ಮಾಡಿದರೂ ಸ್ವಲ್ಪ ಗಡುಸಾಗುತ್ತದೆ, ಜೊತೆಗೆ ಹೆಡ್ ಹಗುರ ಅನ್ನಿಸುತ್ತದೆ. ಹೆಡ್ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆಗೆ ಸ್ವಿಂಗ್‌ವೇಟ್ ಅನ್ನುತ್ತಾರೆ. ಅರ್ಧ ಇಂಚು ಕತ್ತರಿಸಿದರೆ ಅದು ಸುಮಾರು ಮೂರು ಅಂಕ ಇಳಿಯುತ್ತದೆ. ಹೆಡ್‌ಗೆ 2 ಗ್ರಾಂ ಸೇರಿಸಿದರೆ ಒಂದು ಅಂಕ ಏರುತ್ತದೆ. ಆದರೆ ಹೆಡ್‌ಗೆ ತೂಕ ಸೇರಿಸಿದರೆ ಶಾಫ್ಟ್ ಮೆದುವಾಗಿ ವರ್ತಿಸುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ, ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹೊಡೆದು ನೋಡಿ, ಬರೆದುಕೊಳ್ಳಿ.

ಕ್ಲಬ್ ಕಟ್ಟುವವರಿಗೆ ಹೇಳಬೇಕಾದ್ದು: ನೀವು ಪರೀಕ್ಷೆಯಲ್ಲಿ ಹೊಡೆದ ಉದ್ದಕ್ಕೇ, ತುದಿಯಲ್ಲಿ ಅಷ್ಟೇ ಕತ್ತರಿಸಿ, ಅದೇ ತೂಕದ ಹಿಡಿ ಹಾಕಿ ಕೊಡಬೇಕು. ಚೀಟಿಯಲ್ಲಿ ಬರೆದು ಕೊಡಿ. ಬಾಯಿಮಾತು ಮರೆತುಹೋಗುತ್ತದೆ.

ಸ್ಲೀವ್ ತಿರುಗಿಸಿ ಲಾಫ್ಟ್ ಹೆಚ್ಚಿಸಿದರೆ ಮುಖ ಎಡಕ್ಕೆ ಮುಚ್ಚುತ್ತದೆ, ಕಡಿಮೆ ಮಾಡಿದರೆ ಬಲಕ್ಕೆ ತೆರೆಯುತ್ತದೆ. ಇದು ಗೊತ್ತಿಲ್ಲದೆ ಶಾಫ್ಟ್ ಬೈದವರು ಬಹಳ.

ನಿಯಮವನ್ನೂ ಗಮನಿಸಿ. ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್) ಬಿಟ್ಟು ಉಳಿದ ಕ್ಲಬ್ 48 ಇಂಚು ಮೀರಬಾರದು. ದೊಡ್ಡ ಟೂರ್ನಿಗಳಲ್ಲಿ 46 ಇಂಚಿನ ಮಿತಿ ಹಾಕಲು 2022ರಿಂದ ಅವಕಾಶ ಇದೆ. ಶಾಫ್ಟ್ ಯಾವ ಕಡೆಗೆ ತಿರುಗಿಸಿ ಹಿಡಿದರೂ ಒಂದೇ ರೀತಿ ಬಾಗಬೇಕು, ಎರಡೂ ಕಡೆಗೆ ಒಂದೇ ಸಮ ತಿರುಚಬೇಕು ಅಂತಲೂ ನಿಯಮ ಇದೆ. "ಸ್ಲೈಸ್ ಆಗದಂತೆ ಒಂದೇ ಕಡೆಗೆ ತಿರುಚುವ ಶಾಫ್ಟ್" ಅಂತ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಹಂತ 9: ಐರನ್‌ಗಳು

ಡ್ರೈವರ್‌ಗೆ ಎಸ್ ಸಿಕ್ಕಿತು ಅಂತ ಐರನ್‌ಗೂ ಎಸ್ ಅಂತ ಹೇಳಬೇಡಿ. ಬೇರೆಯಾಗಿ ಪರೀಕ್ಷೆ ಮಾಡಿ. 6 ಅಥವಾ 7ನೇ ಐರನ್‌ನಲ್ಲಿ ಇದೇ ಕ್ರಮ ಸಾಕು. ಇಲ್ಲಿ ಶಾಫ್ಟ್ ಗಿಡ್ಡ, ಬಾಗಿನ ಪಾತ್ರ ಕಡಿಮೆ, ತೂಕದ ಪಾತ್ರ ಜಾಸ್ತಿ. ಬೀಸುವಾಗ ಶಾಫ್ಟ್ ಕೆಳಕ್ಕೆ ಜಗ್ಗುತ್ತದೆ ಅಂದಿದ್ದೆ. ಶಾಫ್ಟ್ ಬದಲಿಸಿದರೆ ಈ ಜಗ್ಗುವಿಕೆಯೂ ಬದಲಾಗಬಹುದು, ಆದ್ದರಿಂದ ಲೈ ಕೋನ, ಅಂದರೆ ಹೆಡ್ ನೆಲದ ಮೇಲೆ ಕೂತಾಗ ಶಾಫ್ಟ್ ಎಷ್ಟು ನೆಟ್ಟಗಿದೆ ಅನ್ನುವುದನ್ನು ಶಾಫ್ಟ್ ಆರಿಸಿದ ಮೇಲೆಯೇ ಸರಿಮಾಡಿಸಿ. ಮೊಣಕೈ, ಮಣಿಕಟ್ಟು ನೋವಿರುವವರು ಐರನ್‌ಗೂ ಗ್ರಾಫೈಟ್ ಹೊಡೆದು ನೋಡಿ. ಅದು ಮುದುಕರದ್ದು ಅನ್ನುವ ಕಾಲ ಹೋಯಿತು.

ಅಮೆರಿಕದಿಂದ ಬಂದ ಸೆಟ್, ಹಳೇ ಸೆಟ್

ಅಮೆರಿಕದಲ್ಲಿರುವ ತಮ್ಮನೋ ಮಗನೋ ರಜೆಗೆ ಬರುವಾಗ ಒಂದು ಸೆಟ್ ತಂದುಕೊಡುವುದು ನಮ್ಮಲ್ಲಿ ಮಾಮೂಲಿ. ತರುವವರಿಗೆ ಅಕ್ಷರ ಹೇಳಿ ಕಳಿಸಬೇಡಿ. ಶಾಫ್ಟ್‌ನ ಪೂರ್ತಿ ಹೆಸರು, ತೂಕ, ಉದ್ದ ಹೇಳಿ. ಆಗಲೇ ಬಂದುಬಿಟ್ಟಿದ್ದರೆ ಹಂತ 2ರಿಂದ ಶುರುಮಾಡಿ. ಹೆಡ್ ಚೆನ್ನಾಗಿದ್ದರೆ ಶಾಫ್ಟ್ ಮಾತ್ರ ಬದಲಿಸಿದರೂ ಆಯಿತು.

ಹಳೇ ಗ್ರಾಫೈಟ್ ಆದರೆ ಹೆಡ್‌ನ ಮೇಲಿನ ಒಂದು ಗೇಣು ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಬ್ಯಾಗಿನಲ್ಲಿ ಐರನ್‌ಗಳಿಗೆ ಉಜ್ಜಿ ಬಣ್ಣ ಹೋಗಿದ್ದರೆ ಪರವಾಗಿಲ್ಲ. ಉಗುರಿಗೆ ಎಳೆ ಸಿಕ್ಕಿದರೆ, ಅಥವಾ ಹಿಡಿಯನ್ನೂ ಹೆಡ್ಡನ್ನೂ ಹಿಡಿದು ನಿಧಾನಕ್ಕೆ ತಿರುಚಿದಾಗ ಕಿರಕ್ ಅಂತ ಸದ್ದು ಬಂದರೆ, ಆ ಕ್ಲಬ್ಬನ್ನು ಬೀಸಬೇಡಿ. ಸದ್ದು ಹೆಡ್ ಕೂತ ಜಾಗದಿಂದ ಬರುತ್ತಿದ್ದರೆ ಅಂಟು ಬಿಟ್ಟಿರಬಹುದು, ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬಿಟ್ಟ ಕ್ಲಬ್‌ಗಳಿಗೆ ಹಾಗಾಗುತ್ತದೆ. ಅದನ್ನು ಬಿಚ್ಚಿ ಹೊಸ ಅಂಟು ಹಾಕಿಸಬಹುದು. ಶಾಫ್ಟ್‌ನಿಂದಲೇ ಬರುತ್ತಿದ್ದರೆ ಶಾಫ್ಟ್ ಬದಲಿಸಿ.